ಎರೆಯ ಭರಣಿಯ ಹೊಟ್ಟೆಕಿಚ್ಚು

ನಾನೊಂದು ಭರಣಿ. ಕುತ್ತಿಗೆಯಿಂದ ಹೆಗಲವರೆಗೆ ಕಾಫಿಯ ಬಣ್ಣ, ಅಲ್ಲಿಂದ ಕೆಳಗೆ ಹಾಲಿನ ಕೆನೆಯ ಬಣ್ಣ. ದೂರದಿಂದ ನೋಡಿದವರು ಒಳಗೆ ಮಿಡಿ ಉಪ್ಪಿನಕಾಯಿ ಇದೆ ಎಂದುಕೊಂಡು ಬಾಯಲ್ಲಿ ನೀರೂರಿಸಿಕೊಳ್ಳುತ್ತಿದ್ದರು. ಹತ್ತಿರ ಬಂದವರು ಮೂಗು ಹಿಡಿದುಕೊಂಡು ಆಚೆ ತಿರುಗುತ್ತಿದ್ದರು. ನನ್ನ ಬಾಳೆಲ್ಲ ಈ ದೂರ ಮತ್ತು ಹತ್ತಿರದ ನಡುವೆಯೇ ಕಳೆಯಿತು.

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಅದಕ್ಕೂ ಮುಂಚೆ ಯಾವುದೋ ಕೆರೆಯ ಅಂಚಿನಲ್ಲಿ ಜೇಡಿಮಣ್ಣಾಗಿ ಮಲಗಿದ್ದೆ, ಕೊಕ್ಕರೆಗಳು ನನ್ನ ಮೇಲೆ ನಡೆದಾಡುತ್ತಿದ್ದವು. ಆವಿಗೆಯೊಳಗೆ ನಾವು ಭರಣಿಗಳು ಒಬ್ಬರಿಗೊಬ್ಬರು ತಾಗದಂತೆ ಸಾಲಾಗಿ ನಿಂತು ಬೇಯುತ್ತಿದ್ದೆವು. ಸೆಖೆ ತಡೆಯಲಾಗದೆ ಕಥೆ ಹೇಳಿಕೊಳ್ಳುತ್ತಿದ್ದೆವು. ಪ್ರತಿ ಭರಣಿಯ ಹಣೆಯಲ್ಲೂ ಒಬ್ಬ ರಾಜಕುಮಾರಿಯ ಹೆಸರು ಬರೆದಿರುತ್ತದಂತೆ. ಒಂದು ದಿನ ರಾಕ್ಷಸ ಅಟ್ಟಿಸಿಕೊಂಡು ಬರುತ್ತಾನೆ, ರಾಜಕುಮಾರಿ ಓಡಿ ಬಂದು ನಮ್ಮ ಹೊಟ್ಟೆಯಲ್ಲಿ ಅವಿತುಕೊಳ್ಳುತ್ತಾಳೆ, ಆಗ ನಾವು ಬಾಯಿ ಬಿಗಿಹಿಡಿದು ಅವಳನ್ನು ಉಳಿಸಬೇಕು. ಹಾಗೆ ಉಳಿಸಿದ ಭರಣಿ ಮುಂದಿನ ಜನ್ಮದಲ್ಲಿ ಚಂದ್ರನಾಗುತ್ತದೆ. ನಾನಿದನ್ನು ಪೂರ್ತಿ ನಂಬಿದ್ದೆ.

ನನ್ನ ಪಕ್ಕದಲ್ಲಿ ಬೆಂದವಳನ್ನು ಸಂತೆಯಲ್ಲಿ ಯಾರೋ ಊಟದ ಮನೆಯವರು ಕೊಂಡುಕೊಂಡರು. ಅವಳ ಹೊಟ್ಟೆಗೆ ಮಾವಿನ ಮಿಡಿ, ಸಾಸಿವೆ, ಕೆಂಪು ಮೆಣಸು. ನನ್ನ ಕುತ್ತಿಗೆಯ ಮೇಲೆ ಸುಡುವಾಗ ಎದ್ದ ಒಂದು ಗುಳ್ಳೆಯಿತ್ತು, ಅದಕ್ಕೇ ನಾನು ಉಳಿದೆ. ಕೊನೆಗೆ ಭರಣಿ ಮಾರುವವನು ಕುಂದಾಪುರದ ಕಡೆಯ ಒಂದು ಕೋಡಿಗೆ ಬಂದಾಗ, ಎರಡು ಹಿಡಿ ಒಣಮೀನಿಗೆ ನನ್ನನ್ನು ಕೊಟ್ಟುಬಿಟ್ಟ. ಕೋಡಿಯೆಂದರೆ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಸಮುದ್ರ, ನಡುವೆ ನಾಲಗೆಯಂತೆ ಚಾಚಿಕೊಂಡ ಮರಳು. ಆ ಮರಳಿನ ಮೇಲಿನ ಒಂದು ಮನೆಯ ಹೆಂಗಸು ನನ್ನನ್ನು ತೊಳೆದು, ಬಿಸಿಲಿಗಿಟ್ಟು, ಬೆರಳಿನಿಂದ ಹೊಟ್ಟೆಗೆ ಬಡಿದು ಸದ್ದು ಕೇಳಿದಳು. ಬಚ್ಚಮ್ಮ ಅವಳ ಹೆಸರು. ಗಟ್ಟಿ ತೋಳು, ಮೂಗಿನಲ್ಲಿ ಕೆಂಪು ಕಲ್ಲಿನ ನತ್ತು. ನನಗೆ ಬರೆದ ರಾಜಕುಮಾರಿ ಇವಳೇ ಇರಬೇಕು ಎಂದುಕೊಂಡೆ. ಆಮೇಲೆ ಅವಳು ನನ್ನೊಳಗೆ ಒಂದು ಹಾಸು ಕಲ್ಲುಪ್ಪು, ಅದರ ಮೇಲೆ ಒಂದು ಹಾಸು ಕೊಯ್ದ ಭೂತಾಯಿ ಮೀನು, ಮತ್ತೆ ಉಪ್ಪು, ಮತ್ತೆ ಮೀನು ತುಂಬಿದಳು. ಮೇಲೊಂದು ಹೊಳೆಯ ಕಲ್ಲನ್ನು ಹೇರಿ, ಬಾಯಿಗೆ ಬಟ್ಟೆ ಕಟ್ಟಿದಳು.

ನಾನು ಎರೆಯ ಭರಣಿಯಾದೆ. ಗಾಳಕ್ಕೆ ಸಿಕ್ಕಿಸುವ ಎರೆ. ಮನುಷ್ಯರೂ ತಿನ್ನದ, ದೇವರಿಗೂ ಇಡದ, ಮೀನಿಗೆ ಮೋಸ ಮಾಡಲೆಂದೇ ಕಾಪಿಡುವ ಮೀನು. ಒಳಗೆ ಇಟ್ಟುಕೊಳ್ಳಲಾಗದೆ ನನ್ನನ್ನು ಹೊರಗಿನ ಜಗುಲಿಯ ಮೂಲೆಯಲ್ಲಿ, ಮಾಡಿನ ನೆರಳಿಗೆ ಇಟ್ಟರು. ಅಲ್ಲಿಂದ ಕಡಲು ಕಾಣುತ್ತಿತ್ತು. ಊಟದ ಮನೆಯ ಕಪಾಟಿನಲ್ಲಿ ಕೂತವಳನ್ನು ನೆನೆದು ಎಷ್ಟೋ ದಿನ ಕರುಬಿದೆ. ಅದು ನನ್ನ ಮೊದಲ ಹೊಟ್ಟೆಕಿಚ್ಚು, ಸಣ್ಣ ಮಕ್ಕಳದ್ದಿರುವ ಹಾಗೆ, ಬೇಗ ಆರಿತು.

ಆರಿದ್ದು ಬಚ್ಚಮ್ಮನ ಕೈಯಿಂದ. ಅವಳು ನನ್ನೊಳಗೆ ಮಣಿಕಟ್ಟಿನವರೆಗೆ ಕೈಯಿಳಿಸಿ, ಒಂದು ತುಂಡು ಎತ್ತಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಪರೀಕ್ಷಿಸುತ್ತಿದ್ದಳು. ಉಪ್ಪು ಸಾಕೋ, ಇನ್ನೊಂದು ಹಿಡಿ ಬೇಕೋ, ಆ ಮೂಗಿಗೆ ತಿಳಿಯುತ್ತಿತ್ತು. ಉಪ್ಪುಂಡ ಎರೆ ಚರ್ಮದಂತೆ ಬಿಗಿಯಾಗುತ್ತದೆ, ಗಾಳ ಬಿಟ್ಟು ಜಾರುವುದಿಲ್ಲ. ಏಡಿ ಎಷ್ಟು ಜಗ್ಗಿದರೂ ಹರಿಯುವುದಿಲ್ಲ. ಮಳೆಗಾಲದಲ್ಲಿ ಬಲೆಗಳೆಲ್ಲ ಮನೆಯೊಳಗೆ ಕೂತಾಗ, ಅಳಿವೆಯ ಬಾಯಲ್ಲಿ ನಿಂತು ಗಾಳ ಬಿಡುವವರಿಗೆ ನಾನೇ ದಿಕ್ಕು. ಕೇರಿಯವರು ತೆಂಗಿನ ಗೆರಟೆ ಹಿಡಿದುಕೊಂಡು ಬಂದು, ಬಚ್ಚಕ್ಕ, ಒಂಚೂರು ಎರೆ ಕೊಡು ಎಂದು ಕೇಳುತ್ತಿದ್ದರು. ನಾತದ ಪಾತ್ರೆಗೂ ಮರ್ಯಾದೆ ಬರುವ ತಿಂಗಳುಗಳು ಅವು.

ನಮ್ಮ ಕೋಡಿಯ ಗಾಳದ ಮನೆಗಳಲ್ಲಿ ಒಂದು ಕ್ರಮವಿತ್ತು. ದೋಣಿಗೆ ಎರೆಯನ್ನು ಗಂಡಸು ತಾನಾಗಿ ಎತ್ತಿಕೊಳ್ಳಬಾರದು. ಮನೆಯ ಹೆಂಗಸೊಬ್ಬಳು ಮೊಣಕಾಲುದ್ದ ನೀರಿಗಿಳಿದು, ಎರೆಯ ಗೆರಟೆಯನ್ನು ಅವನ ಕೈಗೆ ಕೊಡಬೇಕು. ಆ ದಿನ ಗಾಳಕ್ಕೆ ಬಿದ್ದ ಮೊದಲ ಮೀನು ತಿರುಗಿ ಬಂದು ಅದೇ ಕೈಗೆ ಸೇರಬೇಕು. ಅದನ್ನು ಮಾರುವಂತಿಲ್ಲ. ಅವಳೇ ಸಾರು ಮಾಡಿ, ತಲೆ ಯಾರಿಗೆ, ನಡುವಿನ ತುಂಡು ಯಾರಿಗೆ ಎಂದು ತೀರ್ಮಾನಿಸುತ್ತಾಳೆ. ಎರೆ ಕೊಡುವ ಕೈ ಯಾರದೋ, ಮನೆಯ ಒಡತಿ ಅವಳೇ. ಬಚ್ಚಮ್ಮ ಮದುವೆಯಾಗಿ ಬಂದ ವರ್ಷದಿಂದ ಕೊಡುತ್ತಾ ಬಂದವಳು. ಗಂಡ ಕುಪ್ಪಯ್ಯ ಜ್ವರದಲ್ಲಿ ತೀರಿಕೊಂಡಾಗ ಬಳೆ ಹೋಯಿತು, ಹೂವು ಹೋಯಿತು, ಮದುವೆಮನೆಗಳಲ್ಲಿ ಮುಂದೆ ನಿಲ್ಲುವುದು ಹೋಯಿತು. ಎರೆ ಕೊಡುವುದೊಂದು ಉಳಿಯಿತು. ಮಗ ಶೀನ ದೋಣಿಯ ಹುಟ್ಟು ಹಿಡಿದ, ಅವಳು ನೀರಿಗಿಳಿದು ಗೆರಟೆ ಚಾಚಿದಳು. ಆ ಬೆಳಿಗ್ಗೆ ನಾನು ಜಗುಲಿಯಿಂದ ನೋಡುತ್ತಾ, ಕೊಟ್ಟದ್ದು ಅವಳ ಕೈ, ಕೈಯಲ್ಲಿದ್ದದ್ದು ನಾನು, ಎಂದು ಬೀಗಿದೆ.

ಹಾಗಿರುವಾಗ ಕನಕ ಬಂದಳು.

ಶೀನನ ಹೆಂಡತಿ. ಹೊಳೆಯ ಮೇಲ್ದಂಡೆಯ ಊರಿನವಳು. ತೆಳ್ಳಗೆ, ಮಾತು ಕಡಿಮೆ, ಕಾಲು ಮಾತ್ರ ಉದ್ದ. ಮೊದಲ ದಿನ ನನ್ನ ಬಟ್ಟೆ ಬಿಚ್ಚಿ ಒಳಗೆ ಇಣುಕಿ, ಏನೂ ಹೇಳದೆ ಮತ್ತೆ ಕಟ್ಟಿದಳು. ಬೈದಿದ್ದರೂ ಸಹಿಸುತ್ತಿದ್ದೆ. ಮಾರನೆಯ ದಿನ ಇಳಿತದ ಹೊತ್ತಿಗೆ ಸೀರೆ ಎತ್ತಿಕಟ್ಟಿ, ಹೊಳೆಯಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ನಡುವಿನ ಕೆಸರಿಗಿಳಿದಳು. ಬರುವಾಗ ಬುಟ್ಟಿಯ ತಳಕ್ಕೆ ಒದ್ದೆ ಗೋಣಿ, ಮೇಲೆ ಕಾಂಡ್ಲದ ಎಲೆ, ನಡುವೆ ಜೀವಂತ ಸಿಗಡಿ, ಅವರ ಮಾತಿನಲ್ಲಿ ಚಟ್ಲಿ. ಕೆಸರಿನಲ್ಲಿ ಕಾಲಿಟ್ಟು, ಬೆರಳಿನಡಿಯಲ್ಲಿ ಮಿಸುಕಿದ್ದನ್ನು ಕೈಹಾಕಿ ಹಿಡಿದದ್ದಂತೆ. ತವರಿನಲ್ಲಿ ಅವಳ ಅಪ್ಪ ಗಾಳಕ್ಕೆ ಹಾಕುತ್ತಿದ್ದದ್ದು ಇದನ್ನೇ.

ಆ ಸಿಗಡಿಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಕನ್ನಡಿಯ ಚೂರಿನಂಥ ಮೈ. ಒಳಗಿನ ಕರಿನರ ಕಾಣುತ್ತಿತ್ತು. ಉದ್ದ ಮೀಸೆ ಅಲ್ಲಾಡಿಸುತ್ತಾ, ಅರಮನೆಗೆ ಹೊರಟ ದಿಬ್ಬಣದವರ ಹಾಗೆ ಬುಟ್ಟಿಯಲ್ಲಿ ಕೂತಿದ್ದವು. ಅವುಗಳ ಆಯುಷ್ಯ ಒಂದು ಹಗಲು. ನನ್ನ ಹಾಗೆ ತಿಂಗಳುಗಟ್ಟಲೆ ಉಪ್ಪು ಕುಡಿದು ಕಾಯುವ ತಾಳ್ಮೆ ಅವಕ್ಕಿಲ್ಲ. ಏನೂ ಮಾಡದೆ, ಬರೀ ಹೊಸದಾಗಿದ್ದದ್ದಕ್ಕೇ ಅಷ್ಟು ಚೆಂದ.

ಶೀನ ನಗುವವ, ಜಗಳ ಬೇಡದವ. ಸಾಲಾಗಿ ಗಾಳ ಕಟ್ಟಿದ ಹಗ್ಗದ ಅರ್ಧಕ್ಕೆ ಅಮ್ಮನ ಎರೆ, ಅರ್ಧಕ್ಕೆ ಹೆಂಡತಿಯ ಎರೆ ಹಾಕಿದ. ಕಡಲೊಳಗಿನ ಕಲ್ಲಿನ ಹತ್ತಿರ ಬಿಟ್ಟು ಬಂದ. ಎಳೆದಾಗ ಕನಕಳ ಅರ್ಧದಲ್ಲಿ ಒಳ್ಳೆಯ ಬೆಲೆಯ ಕೆಂಬೇರಿ ಮೀನು, ಮೈಯೆಲ್ಲ ದಾಸವಾಳದಂತೆ ಕೆಂಪು. ನನ್ನ ಅರ್ಧದಲ್ಲಿ ಮೀಸೆಯ ಅಗ್ಗದ ತೇಡೆ ಮೀನುಗಳು, ಎರಡು ಏಡಿ, ಒಂದು ತೊರಕೆಯ ಮರಿ. ಮರುದಿನವೂ ಹಾಗೇ. ಕನಕ ಮಾತ್ರ ಬುಟ್ಟಿಯನ್ನು ತಾನು ಕೊಡಲು ಹೋಗಲಿಲ್ಲ, ಅತ್ತೆಯ ಕಾಲಬುಡದಲ್ಲಿಟ್ಟು ಹಿಂದೆ ನಿಲ್ಲುತ್ತಿದ್ದಳು. ಗೆರಟೆಯನ್ನೂ ಬುಟ್ಟಿಯನ್ನೂ ಬಚ್ಚಮ್ಮನೇ ಕೊಡುತ್ತಿದ್ದಳು. ಹೀಗೇ ನಡೆದಿದ್ದರೆ ನಡೆಯುತ್ತಿತ್ತೋ ಏನೋ. ನೆರೆಮನೆಯ ಅಕ್ಕಣಿ ಎಂಬವಳ ನಾಲಗೆ ಬಿಡಬೇಕಲ್ಲ. ದಡದಲ್ಲಿ ಎಲ್ಲರ ಎದುರಿಗೆ ಕೇಳಿದಳು:

"ಬಚ್ಚಕ್ಕ, ಕೊಡೂ ಕೈ ನಿಂದ್, ಮೀನ್ ಹಿಡೂ ಎರೆ ಸೊಸಿದ್. ಇನ್ನ್ ತಲೆ ಯಾರಿಗ್, ಬಾಲ ಯಾರಿಗ್?"

ಹೆಂಗಸರು ನಕ್ಕರು. ಬಚ್ಚಮ್ಮನೂ ನಕ್ಕಳು. ಮನೆಗೆ ಬಂದು ನನ್ನ ಪಕ್ಕ ಕೂತಾಗ ನಗು ಇರಲಿಲ್ಲ. ಮರುದಿನ ಬೆಳಿಗ್ಗೆ ಬುಟ್ಟಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಗೆರಟೆಯೊಂದನ್ನೇ ಎತ್ತಿಕೊಂಡಳು. ಶೀನ ಏನೋ ಹೇಳಹೊರಟ.

"ನನ್ ಕೈಯಂಗೆ ಹೋಪುದ್ ನನ್ ಎರೆಯೇ. ಅದ್ ಬ್ಯಾಡ ಅಂದ್ರೆ ಕೈಯೂ ಬ್ಯಾಡ" ಎಂದಳು.

ಅವನು, ಮೀನಿಗೆ ಅತ್ತೆ ಸೊಸೆ ಗೊತ್ತಿಲ್ಲ, ಹೊಟ್ಟೆಯೊಂದೇ ಗೊತ್ತಿರುವುದು ಎಂದು ತಮಾಷೆ ಮಾಡಿ ನೋಡಿದ. ಅವಳು ನೀರಿನಲ್ಲೇ ನಿಂತಿದ್ದಳು. ಗೆರಟೆ ತೆಗೆದುಕೊಂಡು ಹೋದ. ಕನಕ ಬುಟ್ಟಿಯನ್ನು ತೊಳೆದು ಗೋಡೆಯ ಗೂಟಕ್ಕೆ ಸಿಕ್ಕಿಸಿದಳು. ಸಂಜೆಯ ಗಾಳಿಗೆ ಖಾಲಿ ಬುಟ್ಟಿ ಗೋಡೆಗೆ ತಾಗಿ ತಾಗಿ ಸದ್ದು ಮಾಡುವಾಗ ನನಗಾದ ಖುಷಿಯನ್ನು ಹೇಗೆ ಹೇಳಲಿ!

ಆದರೆ ಹೊಟ್ಟೆಕಿಚ್ಚು ಎದುರಾಳಿ ಹೋದಳೆಂದು ಆರುವ ಜಾತಿಯದ್ದಲ್ಲ. ಬಚ್ಚಮ್ಮನ ಕಣ್ಣಿಗೆ ಆ ಹೊಳೆಯುವ ಸಿಗಡಿ ಕಟ್ಟಿತ್ತು. ತನ್ನ ಎರೆಯೂ ಹಾಗೇ ಮೆತ್ತಗೆ, ತುಂಬಿಕೊಂಡು, ಈಗಷ್ಟೇ ಹಿಡಿದಂತೆ ಕಾಣಬೇಕು ಎಂದು ಅವಳಿಗೆ ಆಸೆ ಹುಟ್ಟಿತು. ಹೊಸದಾಗಿ ಭೂತಾಯಿ ಕೊಯ್ದು ನನ್ನೊಳಗೆ ತುಂಬುವಾಗ ಉಪ್ಪಿನ ಹಿಡಿ ಸಡಿಲಿಸಿದಳು. ಎರಡು ಹಿಡಿ ಬೀಳುವಲ್ಲಿ ಒಂದು. ಆಮೇಲೆ ಅರ್ಧ. ಉಪ್ಪು ಕಡಿಮೆಯಾದ ಮೀನು ಬಿಗಿಯಾಗಲಿಲ್ಲ, ಬೆಳ್ಳಿಯ ಚರ್ಮ ಬೆಳ್ಳಿಯಾಗಿಯೇ ಉಳಿಯಿತು. ಬಟ್ಟೆ ಬಿಚ್ಚಿದಾಗ ಮೇಲಿನ ಹಾಸು ಮಿರಿಮಿರಿ ಎಂದಿತು. ಅವಳು ತಲೆಯಾಡಿಸಿದಳು. ನಾನು ತಾಜಾ ಆದೆ, ನಾನು ಚೆಂದವಾದೆ ಎಂದು ಕುಣಿಯುವುದೊಂದು ಬಾಕಿ.

ಅಡಿಯ ಹಾಸುಗಳು ಕೊಳೆಯತೊಡಗಿದ್ದು ನನಗೆ ಮೊದಲು ಗೊತ್ತಾಯಿತು. ಹೊಟ್ಟೆ ನನ್ನದಲ್ಲವೇ. ಉಪ್ಪುನೀರು ಬೆಚ್ಚಗಾಯಿತು, ಗುಳ್ಳೆ ಏಳತೊಡಗಿತು. ಬಚ್ಚಮ್ಮ ಎಂದಿನಂತೆ ತುಂಡು ಎತ್ತಿ ಮೂಗಿಗೆ ಹಿಡಿದಳು. ಈಗ ಮುಖ ಸಿಂಡರಿಸುತ್ತಾಳೆ, ಈಗ ಬೈದು ಚೆಲ್ಲುತ್ತಾಳೆ ಎಂದು ಕಾದೆ. ಅವಳು ಕಣ್ಣು ಮುಚ್ಚಿ, ತೆರೆದು, ಸರಿಯಾಗಿದೆ ಎಂಬಂತೆ ಗೆರಟೆಗೆ ಹಾಕಿಕೊಂಡಳು.

ಅದೇ ದಿನಗಳಲ್ಲಿ ಕನಕ ಬಸುರಿಯಾದಳು. ಬಸುರಿ ಕೆಸರಿಗೆ ಇಳಿಯಬಾರದು ಎಂದು ಬಚ್ಚಮ್ಮನೇ ತಡೆದಳು. ಅದರಲ್ಲಿ ಪ್ರೀತಿಯೂ ಇತ್ತು, ಇನ್ನೊಂದೂ ಇತ್ತು. ನನ್ನ ಬಟ್ಟೆ ಬಿಚ್ಚಿದರೆ ಸಾಕು, ಕನಕ ಬಾಯಿಗೆ ಸೆರಗು ಒತ್ತಿಕೊಂಡು ತೆಂಗಿನ ಬುಡಕ್ಕೆ ಓಡುತ್ತಿದ್ದಳು. ಬಚ್ಚಮ್ಮ ಅಕ್ಕಣಿಯ ಹತ್ತಿರ ಜಂಬದಿಂದ ಹೇಳಿಕೊಂಡಳು, ನನ್ನ ಭರಣಿ ಬಾಯಿ ತೆಗೆದರೆ ಬಸುರಿ ಹೌದೋ ಅಲ್ಲವೋ ತಿಳಿಯುತ್ತದೆ ಎಂದು. ಅಕ್ಕಣಿಗೂ ಮೂಗು ಮುಚ್ಚಿಕೊಳ್ಳಬೇಕೆನಿಸಿರಬೇಕು. ಆದರೆ ಎರೆಯ ಭರಣಿಗೆ ಮೂಗು ಮುಚ್ಚುವುದು ಯಾವತ್ತಿನ ಅಭ್ಯಾಸ ತಾನೇ? ನನ್ನ ನಾತ ಬದಲಾದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗೊತ್ತಾದದ್ದು ಕನಕ ಒಬ್ಬಳಿಗೇ. ಅವಳ ಮೂಗನ್ನು ಬಸುರಿಯ ಮೂಗೆಂದು ಎಲ್ಲರೂ ಪಕ್ಕಕ್ಕಿಟ್ಟರು.

ಗಾಳಕ್ಕೆ ಸಿಕ್ಕಿಸಿದ ಕೊಳೆತ ಎರೆ ನೀರಿಗೆ ಬಿದ್ದೊಡನೆ ಬಿಡಿಸಿಕೊಂಡು ಹೋಗುತ್ತದೆ. ಉಳಿದ ಚೂರಿನ ನಾತಕ್ಕೆ ತಳದ ತೇಡೆಗಳು ಬರುತ್ತವೆ. ಶೀನ ದಿನವೂ ತೇಡೆ ತಂದ. ದಿನವೂ ಮೊದಲ ಮೀನು ತೇಡೆಯೇ ಆಗಿ ಬಚ್ಚಮ್ಮನ ಕೈಗೆ ಬಂತು. ತೇಡೆ ನಂಜು, ಬಸುರಿಗೆ ಕೊಡಬಾರದು ಎಂಬುದು ಆ ಮನೆಯ ನಂಬಿಕೆ. ಅಲ್ಲದೆ ಕನಕಳ ಬಯಕೆಯೋ ಕೆಂಬೇರಿಯ ಮೇಲೆ. ತವರಿನಲ್ಲಿ ಅವಳ ಅಮ್ಮ ಹಸಿಮೆಣಸು, ಶುಂಠಿ ಹಾಕಿ ಮಾಡುತ್ತಿದ್ದ ಕೆಂಬೇರಿಯ ಸಾರು. ಶೀನ ಬೇರೆ ದೋಣಿಯವರ ಮೀನು ಕೇಳಿ ತರುತ್ತೇನೆಂದರೆ ಬಚ್ಚಮ್ಮ ಒಪ್ಪಲಿಲ್ಲ. ಗಾಳದ ಮನೆಯವರು ಬಸುರಿಗೆಂದು ಇನ್ನೊಬ್ಬರ ಮೀನು ಬೇಡಿದರೆ ಎರೆ ಕೊಟ್ಟ ಕೈಗೆ ಅವಮಾನ. ನಾಳೆ ಬೀಳುತ್ತದೆ ಎನ್ನುತ್ತಿದ್ದಳು. ಗಾಳ ಮೊಂಡಾಗಿದೆ ಎಂದು ಶೀನನಿಂದ ಉಜ್ಜಿಸಿದಳು. ನೀರು ಕದಡಿದೆ, ಅಮಾವಾಸ್ಯೆ ಹತ್ತಿರ ಬಂತು ಎಂದಳು. ಕನಕ ಗಂಜಿ, ಉಪ್ಪು, ಚಟ್ನಿ ತಿಂದು ಕೈತೊಳೆಯುತ್ತಿದ್ದಳು. ಅವಳ ಕೊರಳ ಕೆಳಗಿನ ಎಲುಬು ಎದ್ದು ಕಾಣತೊಡಗಿತು. ನಾನದನ್ನು ನೋಡುತ್ತಿದ್ದೆ. ಬುಟ್ಟಿ ಗೂಟದಲ್ಲೇ ಇರಲಿ ಎಂದೂ ಅನಿಸುತ್ತಿತ್ತು.

ಎಲ್ಲವನ್ನೂ ಕೆಡಿಸಿದ್ದು ಒಂದು ಬೆಕ್ಕು. ಅಕ್ಕಣಿಯ ಮನೆಯ ಬೂದು ಬೆಕ್ಕು, ಕೊಕ್ಕರೆಯ ಬಾಯಿಂದಲೂ ಕಸಿದು ತಿನ್ನುವ ಕಳ್ಳಿ. ಒಂದು ಮಧ್ಯಾಹ್ನ ಬಚ್ಚಮ್ಮ ಎರೆ ತೆಗೆಯುವಾಗ ಒಂದು ತುಂಡು ಜಗುಲಿಯ ಕೆಳಗೆ ಬಿತ್ತು. ಬೆಕ್ಕು ಓಡಿ ಬಂತು. ಮೂಸಿತು. ಹಿಂದೆ ಸರಿಯಿತು. ಆಮೇಲೆ ಮುಂಗಾಲಿನಿಂದ ಮರಳು ಗೆಬರಿ ಗೆಬರಿ, ತನ್ನ ಹೇಸಿಗೆಯನ್ನು ಮುಚ್ಚುವ ಹಾಗೆ ಆ ತುಂಡನ್ನು ಮುಚ್ಚಿ ಹೋಯಿತು.

ಬಚ್ಚಮ್ಮ ಅಲ್ಲೇ ನಿಂತಳು. ಇಳಿದು ಹೋಗಿ ಮರಳು ಕೊಡವಿ ಆ ತುಂಡನ್ನು ಮೂಗಿಗೆ ಹಿಡಿದಳು. ಇನ್ನೂ ಹತ್ತಿರ ಹಿಡಿದಳು. ಮೂಗಿಗೆ ತಾಗುವಷ್ಟು. ಒಳಗೆ ಹೋಗಿ ಒಂದು ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಹೊರಗೆ ಬಂದು ಸೀಮೆಎಣ್ಣೆಯ ಬುಡ್ಡಿ ಮೂಸಿದಳು. ಕೊನೆಗೆ ಜಗುಲಿಯಲ್ಲಿ ಕೂತು ಕನಕಳನ್ನು ಕರೆದಳು. ಧ್ವನಿಯಲ್ಲಿ ಅತ್ತೆ ಇರಲಿಲ್ಲ.

"ಹೆಣೆ, ಇದ್ರದ್ದ್ ವಾಸನಿ ಬತ್ತಾ ನಿಂಗೆ?"

"ಬತ್ತ್ ಅತ್ತೆ."

"ಹ್ಯಾಂಗಿತ್ತ್?"

ಕನಕ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಕೊಳ್ತದ್ದ್. ಸುಮಾರ್ ದಿನ ಆಯ್ತ್."

"ಹೇಳ್ಳಿಲ್ಲೆ ಎಂತಕೆ?"

"ಬಸ್ರಿ ಮೂಗಿಗೆ ಎಲ್ಲಾ ಹಾಂಗೇ ಅಂದ್ರಿ. ಇಪ್ಪುದೇನೋ ಅಂದ್ಕಂಡೆ. ಮತ್ತ್, ನಿಮ್ ಎರೆ ಅಲ್ದಾ."

ಬಚ್ಚಮ್ಮ ತುಂಡನ್ನು ಕೈಯಲ್ಲೇ ಇಟ್ಟುಕೊಂಡು ಕಡಲ ಕಡೆ ನೋಡಿದಳು. "ನಂಗೆ ಎಂತದೂ ಬತ್ತಿಲ್ಲೆ. ಬೆಳ್ಳುಳ್ಳಿದೂ ಬತ್ತಿಲ್ಲೆ" ಎಂದಳು. ಹೇಳಿದ ಮೇಲೆ ಸೊಸೆಯ ಬೆನ್ನಿನ ಕಡೆ, ರವಿಕೆಯೊಳಗೆ ಎದ್ದ ಎಲುಬಿನ ಕಡೆ, ಮೊದಲ ಸಲ ಕಂಡವಳ ಹಾಗೆ ನೋಡಿದಳು.

ಇಳಿತ ಶುರುವಾಗಿತ್ತು. ಅವಳು ನನ್ನನ್ನು ಸೊಂಟಕ್ಕೇರಿಸಿಕೊಂಡು ಹೊಳೆಯ ಬದಿಗೆ ನಡೆದಳು, ಇನ್ನೊಂದು ಕೈಯಲ್ಲಿ ಗೂಟದಿಂದ ಇಳಿಸಿದ ಬುಟ್ಟಿ. ಕನಕ ಹಿಂದಿನಿಂದ ಬಂದಳು. ನನ್ನನ್ನು ನೀರಿಗೆ ಬೋರಲು ಹಾಕಿ, ಅಷ್ಟೂ ಎರೆಯನ್ನು ಚೆಲ್ಲಿದಳು. ಏಡಿಗಳು ಎಲ್ಲಿಂದಲೋ ಓಡಿ ಬಂದವು. ನನ್ನ ಖಾಲಿ ಹೊಟ್ಟೆಯನ್ನು ದಂಡೆಯ ಮೇಲೆ ಕೂರಿಸಿ ಅವಳು ಕೆಸರಿಗಿಳಿದಳು. ಬಸುರಿ ಸೊಸೆ ಕಾಂಡ್ಲದ ನೆರಳಿನಲ್ಲಿ ಕೂತು ದಾರಿ ಹೇಳಿದಳು. ಕಾಲು ಎತ್ತಬೇಡಿ, ಜಾರಿಸಿ. ಬೆರಳು ಅಗಲ ಮಾಡಿ. ಮಿಸುಕಿದ ಕೂಡಲೇ ಕೈ ಹಾಕಬೇಡಿ, ಅದು ಹಿಂದಕ್ಕೆ ಹಾರುತ್ತದೆ, ಹಿಂದಿನಿಂದ ಹಿಡಿಯಿರಿ. ಬಚ್ಚಮ್ಮ ಎರಡು ಸಲ ಬಿದ್ದಳು. ಮೂಗಿನ ತುದಿಗೆ ಕೆಸರು ಮೆತ್ತಿತು. ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆ ಬೈಯುತ್ತಾ ಬೈಯುತ್ತಾ ತಾನೂ ನಕ್ಕಳು. ಮೊದಲ ಸಿಗಡಿಯನ್ನು ಎತ್ತಿ ಬಿಸಿಲಿಗೆ ಹಿಡಿದು ತೋರಿಸಿದಾಗ ಅವಳ ಮುಖದಲ್ಲಿದ್ದ ಬೆಳಕನ್ನು ನಾನು ಕಂಡೆ. ನನ್ನೊಳಗಿಂದ ಎಷ್ಟು ತುಂಡು ಎತ್ತಿದ್ದಳು, ಯಾವತ್ತೂ ಹಾಗೆ ಬಿಸಿಲಿಗೆ ಹಿಡಿದು ನೋಡಿರಲಿಲ್ಲ.

ಮರುದಿನ ಜಗುಲಿಯಿಂದ ನೋಡಿದೆ. ಇಬ್ಬರೂ ನೀರಿಗಿಳಿದರು. ಶೀನ ಕೈ ಚಾಚಿದ. ಬಚ್ಚಮ್ಮ ಬುಟ್ಟಿಯನ್ನು ಅವನಿಗೆ ಕೊಡದೆ ತಿರುಗಿ ಕನಕಳ ಕೈಯಲ್ಲಿಟ್ಟಳು. ನನಗೆ ಎದೆಯೊಡೆದ ಹಾಗಾಯಿತು. ಈಗ ಸೊಸೆ ಬೇಡವೆನ್ನುತ್ತಾಳೆ, ಹಿಡಿದವರು ನೀವು, ಕೊಡುವವರೂ ನೀವೇ ಎಂದು ತಿರುಗಿಸುತ್ತಾಳೆ ಎಂದು ಕಾದೆ. ಕಥೆಗಳಲ್ಲಿ ಹಾಗಿರುತ್ತದೆ. ಕನಕ ತೆಗೆದುಕೊಂಡಳು. ಗಂಡನ ಕೈಗೆ ಕೊಟ್ಟಳು. ಅಷ್ಟೇ. ಒಂದು ಸಲ, ಬಾಯಿಮಾತಿಗಾದರೂ ಬೇಡ ಎನ್ನಬಾರದಿತ್ತೇ ಎಂದು ಇವತ್ತಿಗೂ ಕುದಿಯುತ್ತೇನೆ. ದಡದಲ್ಲಿ ಅಕ್ಕಣಿ ಬಾಯಿ ತೆರೆದಳು. ಬಚ್ಚಮ್ಮ ಅವಳತ್ತ ನೋಡಿದ ನೋಟಕ್ಕೆ ಬಾಯಿ ಮುಚ್ಚಿದಳು.

ಕೆಂಬೇರಿ ಬಿತ್ತು. ಕೊಟ್ಟ ಕೈಗೆ ಬಂತು. ಒಲೆಯ ಮೇಲಿನಿಂದ ಹಸಿಮೆಣಸು, ಶುಂಠಿಯ ಪರಿಮಳ ಜಗುಲಿಗೆ ಬಂದಾಗ ಬಚ್ಚಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಅದು ಗೊತ್ತಾಗಲಿಲ್ಲ. ತಲೆ ಯಾರಿಗೆ ಎಂದು ಕನಕ ಕೇಳಲೂ ಇಲ್ಲ, ತಾನೇ ಹಾಕಿಕೊಂಡು, ಹಸಿದವಳು ತಿನ್ನುವ ಹಾಗೆ, ಎಲುಬು ಚೀಪಿ ಚೀಪಿ ತಿಂದಳು. ಅತ್ತೆ ಊಟ ಬಿಟ್ಟು ಅವಳನ್ನೇ ನೋಡುತ್ತಿದ್ದಳು. ಇನ್ನೊಂದು ತುಂಡು ಬೇಕಾ ಎಂದು ಕೇಳಿದಳು. ಬೇಕು ಎಂದಳು ಸೊಸೆ.

ನನ್ನನ್ನು ಬೂದಿ ಹಾಕಿ ತಿಕ್ಕಿದರು, ಹುಣಸೆ ಹಾಕಿ ತಿಕ್ಕಿದರು. ನಾತ ಬಿಡಲಿಲ್ಲ. ಮುಂದಿನ ಮಳೆಗಾಲಕ್ಕೆ ಮತ್ತೆ ತುಂಬುತ್ತಾರೆ ಎಂದುಕೊಂಡಿದ್ದೆ, ಹದವಾಗಿ ಉಪ್ಪು ಹಾಕಿದರೆ ನಾನೇನು ಕಡಿಮೆಯೇ? ಆದರೆ ಹದ ನೋಡುವ ಮೂಗು ಹೋಗಿತ್ತು, ಹೊಸ ಮೂಗಿಗೆ ನಾನು ಹೇಸಿಗೆಯಾಗಿದ್ದೆ. ಜಗುಲಿಯ ಮೂಲೆಯಿಂದ ಬಾವಿಯ ಹಿಂದಿನ ಮೂಲೆಗೆ ಬಂದೆ. ಕೂಸು ಹುಟ್ಟಿತು, ದೊಡ್ಡದಾಯಿತು. ಬುಟ್ಟಿ ಹರಿದು ಒಲೆಗೆ ಹೋಯಿತು, ಅದರ ಜಾಗಕ್ಕೆ ಬಿಳಿಯ ಥರ್ಮೊಕೋಲಿನ ಪೆಟ್ಟಿಗೆ ಬಂತು. ಅದರಲ್ಲಿ ಮಂಜುಗಡ್ಡೆಯ ಮೇಲೆ ಎರೆಯ ಸಿಗಡಿ, ಬೊಂಡಾಸು ಮೀನು ಮಲಗಿ ಕಡಲಿಗೆ ಹೋಗುತ್ತವೆ. ಅದರ ಮೇಲೂ ನನಗೆ ಕಿಚ್ಚು. ಮೈಯೆಲ್ಲ ಗಾಳಿ ತುಂಬಿಕೊಂಡ ಹಗುರ ಪೆಟ್ಟಿಗೆ, ಏನನ್ನು ಹೊತ್ತರೂ ತನ್ನದಾಗಿಸಿಕೊಳ್ಳುವುದಿಲ್ಲ.

ಬಚ್ಚಮ್ಮನಿಗೆ ಈಗ ಕಣ್ಣೂ ಮಂಜು. ಮಧ್ಯಾಹ್ನದ ಹೊತ್ತು ಗೋಡೆ ಹಿಡಿದುಕೊಂಡು ಬಾವಿಯ ಹಿಂದೆ ಬರುತ್ತಾಳೆ. ನನ್ನ ಪಕ್ಕದ ಕಲ್ಲಿನ ಮೇಲೆ ಕೂತು, ಬಗ್ಗಿ, ನನ್ನ ಬಾಯೊಳಗೆ ಮುಖವಿಟ್ಟು ಉಸಿರೆಳೆಯುತ್ತಾಳೆ. ಅವಳ ಉಸಿರು ನನ್ನ ತಳದವರೆಗೆ ಬಂದು ತಿರುಗಿ ಹೋಗುತ್ತದೆ. ಏನೂ ಸಿಗದ ಉಸಿರು. ಮೊನ್ನೆಯೂ ಹಾಗೇ ಕೂತಿದ್ದಳು. ಕನಕ ನೀರು ಸೇದಲು ಬಂದಳು.

"ಹೆಣೆ, ಇದ್ರಂಗೆ ಇನ್ನೂ ಬತ್ತಾ ವಾಸನಿ?"

ಇಷ್ಟು ಮಳೆಗಾಲ ನನ್ನೊಳಗೆ ಸುರಿದಿದೆ. ಇಷ್ಟು ಬೇಸಿಗೆ ಒಣಗಿಸಿದೆ. ನನ್ನಲ್ಲಿ ಈಗ ಉಪ್ಪೂ ಇಲ್ಲ, ಭೂತಾಯಿಯೂ ಇಲ್ಲ, ಕೊಳೆತದ್ದರ ನೆನಪೂ ಇಲ್ಲ. ಬರೀ ಮಣ್ಣು. ಇದು ನನಗೆ ಗೊತ್ತು. ಕನಕ ಹಗ್ಗ ಬಿಟ್ಟು ಬಂದು, ಮಂಡಿಯೂರಿ, ನನ್ನೊಳಗೆ ಮುಖವಿಟ್ಟಳು. ಉಸಿರೆಳೆದು ತಲೆಯೆತ್ತಿದಳು.

"ಬತ್ತ್ ಅತ್ತೆ. ಉಪ್ಪಿಂದ್, ಭೂತಾಯಿದ್. ನೀವ್ ಹಾಕ್ತಿದ್ದ ಹದವೇ. ಗಟ್ಟಿ ಬತ್ತ್."

ಬಚ್ಚಮ್ಮ ಎರಡೂ ಕೈಯಿಂದ ನನ್ನ ಹೆಗಲು ಸವರಿದಳು. ಅವಳ ಮುಖ ಒಂದು ಗಳಿಗೆ, ನೀರಿಗಿಳಿದು ಗೆರಟೆ ಚಾಚುವ ಹೆಂಗಸಿನ ಮುಖವಾಯಿತು.

ಅವಳನ್ನು ಬಲ್ಲವಳು ನಾನು. ಅವಳ ಮಣಿಕಟ್ಟು ಬಲ್ಲೆ, ಬೆರಳ ಬಿರುಕು ಬಲ್ಲೆ, ಗಂಡ ಹೋದ ವಾರ ನನ್ನೊಳಗೆ ಬಿದ್ದ ಕಣ್ಣೀರಿನ ಉಪ್ಪನ್ನೂ ಬಲ್ಲೆ. ಆ ಒಂದು ಸುಳ್ಳನ್ನು ಹೇಳಲು ನನಗೆ ಬಾಯಿಯಿತ್ತು, ಮಾತಿರಲಿಲ್ಲ. ಅದನ್ನೂ ಆ ಕನಕಳೇ ಹೇಳಿಬಿಟ್ಟಳು. ಸಿಗಡಿಯ ಮೇಲಿನ ಕಿಚ್ಚು ಆರಿದೆ, ಬುಟ್ಟಿಯ ಮೇಲಿನದ್ದೂ ಆರಿದೆ. ಇದೊಂದು ಆರುತ್ತಿಲ್ಲ.